ವಾಲ್ವ್ ಟೆಲಿವಿಷನ್ ಸೆಟ್ಟಿನ ಪುನರುಜ್ಜೀವನ: ಸ್ವಿಚ್ ಹಾಕುವ ಮುಂಚಿನ ಕೆಲಸ, ಆಮೇಲಿನ ಕೆಲಸ

ಟ್ರಾನ್ಸಿಸ್ಟರುಗಳ ಬದಲು ಗಾಜಿನ ನಿರ್ವಾತ ನಳಿಕೆಗಳಿಂದ (ವಾಲ್ವುಗಳಿಂದ) ನಡೆಯುವ ಹಳೆಯ ಟೆಲಿವಿಷನ್ನೊಂದು ಕೈಗೆ ಸಿಕ್ಕಾಗ ಯಾರಿಗಾದರೂ ಮೊದಲು ಹುಟ್ಟುವ ಆಸೆ ಎಂದರೆ ಅದನ್ನು ಪ್ಲಗ್‌ಗೆ ಹಾಕಿ, ಚಿತ್ರ ಬರುತ್ತದೆಯೇ ಎಂದು ನೋಡಿಬಿಡುವುದು. ಈ ಆಸೆಯನ್ನು ತಡೆದುಕೊಳ್ಳುವುದೇ ದುರಸ್ತಿಯ ಮೊದಲ ಹೆಜ್ಜೆ. ಹಲವು ದಶಕ ವಿದ್ಯುತ್ತನ್ನೇ ಕಾಣದ ಸೆಟ್ಟಿಗೆ ಒಮ್ಮೆಲೇ ಪೂರ್ಣ ವೋಲ್ಟೇಜ್ ಕೊಟ್ಟರೆ, ಅಷ್ಟು ವರ್ಷಗಳ ತೇವ ಮತ್ತು ಧೂಳು ಮಾಡದ ಹಾನಿಯನ್ನು ಆ ಕೆಲವು ನಿಮಿಷಗಳು ಮಾಡಿಬಿಡಬಹುದು. ಸೋರುತ್ತಿರುವ ಒಂದು ಸಣ್ಣ ಕೆಪಾಸಿಟರ್ ಸಾಕು, ಔಟ್‌ಪುಟ್ ವಾಲ್ವ್ ಮಿತಿಮೀರಿ ಕಾದು, ತನ್ನ ಜತೆಗೆ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕುತ್ತದೆ. ಕೆಪಾಸಿಟರ್ ಬದಲಿಸುವುದು ಸುಲಭ. ಆ ಸೆಟ್ಟಿಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗೆ ಬದಲಿ ಹುಡುಕುವುದು ಬಹಳ ಕಷ್ಟ. ಆದ್ದರಿಂದ ಕೆಲಸದ ಹೆಚ್ಚಿನ ಭಾಗ ವಿದ್ಯುತ್ ಇಲ್ಲದೆಯೇ, ಮೇಜಿನ ಮೇಲೆ, ಸಮಾಧಾನದಿಂದ ನಡೆಯಬೇಕು.

ಇಲ್ಲಿ ಹೇಳುವುದು ಮುಖ್ಯವಾಗಿ 1950 ಮತ್ತು 1960ರ ದಶಕಗಳ ಕಪ್ಪು-ಬಿಳುಪು ಸೆಟ್ಟುಗಳಿಗೆ ಅನ್ವಯಿಸುತ್ತದೆ. ವಾಲ್ವ್ ಬಳಸಿದ ಕಲರ್ ಸೆಟ್ಟುಗಳನ್ನು ಮೊದಲ ಪ್ರಯತ್ನಕ್ಕೆ ಆರಿಸಿಕೊಳ್ಳಬಾರದು: ಅವುಗಳಲ್ಲಿ ಪಿಕ್ಚರ್ ಟ್ಯೂಬಿಗೆ ಹೋಗುವ ವೋಲ್ಟೇಜ್ ಸುಮಾರು 25,000 ವೋಲ್ಟ್ ಇರುತ್ತದೆ, ಅದನ್ನು ಸ್ಥಿರವಾಗಿಡುವ ಪಿಡಿ500ನಂಥ ವಾಲ್ವ್ ಕ್ಷ-ಕಿರಣವನ್ನು ಹೊರಸೂಸುತ್ತದೆ, ಅದರ ಲೋಹದ ಕವಚವನ್ನು ತೆಗೆದಿಟ್ಟು ಸೆಟ್ಟನ್ನು ನಡೆಸುವುದು ಅಪಾಯಕಾರಿ. ಓದುಗರಿಗೆ ಸರ್ಕ್ಯೂಟ್ ನಕ್ಷೆ ಓದಲು, ಬೆಸುಗೆ ಹಾಕಲು, ಮಲ್ಟಿಮೀಟರ್ ಬಳಸಲು ಬರುತ್ತದೆ ಎಂದು ಭಾವಿಸಿ ಮುಂದುವರಿಯುತ್ತೇನೆ. ಇವು ಬಾರದವರು ಮೊದಲು ಒಂದು ವಾಲ್ವ್ ರೇಡಿಯೊ ಸರಿಪಡಿಸಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಸೆಟ್ಟಿನ ಸರ್ವಿಸ್ ನಕ್ಷೆ ಸಿಗುವವರೆಗೆ ಕೆಲಸ ಆರಂಭಿಸಬೇಡಿ. ಒಂದೇ ಕಂಪನಿಯ ಒಂದೇ ಹೆಸರಿನ ಮಾದರಿಗಳಲ್ಲಿಯೂ ಒಳಗಿನ ಚಾಸಿ (ಭಾಗಗಳನ್ನೆಲ್ಲ ಜೋಡಿಸಿದ ಲೋಹದ ಚೌಕಟ್ಟು) ಬೇರೆ ಬೇರೆಯಾಗಿರುವುದು ಸಾಮಾನ್ಯ.

ಅಪಾಯ ಎಲ್ಲೆಲ್ಲಿದೆ

ಈ ಕಾಲದ ಬಹುಪಾಲು ಸೆಟ್ಟುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮನೆಯ ವಿದ್ಯುತ್ತಿನ ಒಂದು ತಂತಿ ನೇರವಾಗಿ ಲೋಹದ ಚಾಸಿಗೇ ಜೋಡಿಸಿರುತ್ತದೆ. ಅದು ನ್ಯೂಟ್ರಲ್ ತಂತಿಯಾಗಿರಬೇಕು. ಪ್ಲಗ್ಗಿನಲ್ಲಿ ತಂತಿಗಳು ಅದಲುಬದಲಾಗಿದ್ದರೆ ಇಡೀ ಚಾಸಿಯಲ್ಲಿ ಫೇಸ್ ವೋಲ್ಟೇಜ್ ಇರುತ್ತದೆ. ಹೀಗಾಗಿ ಪರೀಕ್ಷೆಯ ಸಮಯದಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ. ವೋಲ್ಟೇಜನ್ನು ಏರಿಸಿ ಇಳಿಸುವ ವೇರಿಯಾಕ್ ಇದಕ್ಕೆ ಬದಲಿಯಲ್ಲ, ಏಕೆಂದರೆ ಅದರಲ್ಲಿ ಒಂದೇ ಸುರುಳಿ ಇದ್ದು, ಒಳಬರುವ ಮತ್ತು ಹೊರಹೋಗುವ ವಿದ್ಯುತ್ತಿನ ನಡುವೆ ಯಾವ ಪ್ರತ್ಯೇಕತೆಯೂ ಇರುವುದಿಲ್ಲ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇದ್ದಾಗಲೂ ಎರಡು ಬಿಂದುಗಳನ್ನು ಒಟ್ಟಿಗೆ ಮುಟ್ಟಿದರೆ ಆಘಾತ ತಪ್ಪಿದ್ದಲ್ಲ, ಮತ್ತು ಅದರ ಆಚೆಗಿನ ಸೋರಿಕೆಯನ್ನು ಮನೆಯ ಆರ್‌ಸಿಸಿಬಿ (ಸೋರಿಕೆ ಕಂಡರೆ ವಿದ್ಯುತ್ ಕಡಿಯುವ ಸ್ವಿಚ್) ಗುರುತಿಸಲಾರದು. ಆದ್ದರಿಂದ ಸೆಟ್ಟು ನಡೆಯುತ್ತಿರುವಾಗ ಒಂದೇ ಕೈಯಿಂದ ಅಳೆಯುವುದು, ಇನ್ನೊಂದು ಕೈಯನ್ನು ಚಾಸಿಯಿಂದ ದೂರವಿಡುವುದು ರೂಢಿಯಾಗಬೇಕು.

ಎರಡನೆಯದು ಪಿಕ್ಚರ್ ಟ್ಯೂಬಿನ ಹೆಚ್ಚಿನ ವೋಲ್ಟೇಜ್, ಅಂದರೆ ಇಎಚ್‌ಟಿ. ಕಪ್ಪು-ಬಿಳುಪು ಸೆಟ್ಟುಗಳಲ್ಲಿ ಇದು ಸಾಮಾನ್ಯವಾಗಿ 12,000ರಿಂದ 18,000 ವೋಲ್ಟ್. ಚಿತ್ರದ ಸಾಲುಗಳನ್ನು ಅಡ್ಡಲಾಗಿ ಎಳೆಯುವ ಲೈನ್ ಔಟ್‌ಪುಟ್ ಹಂತದಿಂದ ಬರುವ ಈ ವೋಲ್ಟೇಜಿನ ಹಿಂದೆ ಹೆಚ್ಚು ಶಕ್ತಿ ಇರುವುದಿಲ್ಲವಾದರೂ, ಬೆಚ್ಚಿಬಿದ್ದು ಕೈ ಎಳೆದುಕೊಳ್ಳುವಾಗ ಟ್ಯೂಬಿನ ಕತ್ತು ಮುರಿಯುವುದುಂಟು. ಆದರೆ 1930ರ ದಶಕದ ಮತ್ತು ಎರಡನೆಯ ಮಹಾಯುದ್ಧ ಮುಗಿದ ಹೊಸತರ ಹಲವು ಸೆಟ್ಟುಗಳಲ್ಲಿ ಇಎಚ್‌ಟಿಯನ್ನು ಮೇನ್ಸ್‌ನಿಂದಲೇ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್ ಮೂಲಕ ಪಡೆಯುತ್ತಿದ್ದರು. ಆ ವೋಲ್ಟೇಜ್ ಕೆಲವೇ ಸಾವಿರ ವೋಲ್ಟ್ ಆದರೂ ಅದು ನೇರವಾಗಿ ಪ್ರಾಣ ತೆಗೆಯಬಲ್ಲದು. ಅಂಥ ಸೆಟ್ಟು ನಿಮ್ಮದಾಗಿದ್ದರೆ ಅನುಭವಿಗಳ ಜತೆಯಿಲ್ಲದೆ ಅದಕ್ಕೆ ವಿದ್ಯುತ್ ಕೊಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಪಿಕ್ಚರ್ ಟ್ಯೂಬು ಸ್ವತಃ ಒಂದು ಕೆಪಾಸಿಟರ್. ಅದರ ಗಾಜಿನ ಒಳಗೂ ಹೊರಗೂ ಇರುವ ಗ್ರಾಫೈಟಿನ ಕಪ್ಪು ಲೇಪನಗಳ ನಡುವೆ ಚಾರ್ಜ್ ದಿನಗಟ್ಟಲೆ ಉಳಿಯಬಲ್ಲದು. ಉದ್ದದ ಇನ್ಸುಲೇಟೆಡ್ ಹಿಡಿಯ ಸ್ಕ್ರೂಡ್ರೈವರಿಗೆ ಒಂದು ತಂತಿಯನ್ನು ಬಿಗಿದು, ತಂತಿಯ ಇನ್ನೊಂದು ತುದಿಯನ್ನು ಮೊದಲು ಹೊರಲೇಪನದ ಸಂಪರ್ಕಕ್ಕೆ ಸಿಕ್ಕಿಸಿ, ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಆನೋಡ್ ಟೋಪಿಯ ಕೆಳಗೆ ತೂರಿಸಿ ಡಿಸ್‌ಚಾರ್ಜ್ ಮಾಡಬೇಕು. ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಬೇಕು, ಏಕೆಂದರೆ ಗಾಜಿನಲ್ಲಿ ಹೀರಿಕೊಂಡ ಚಾರ್ಜ್ ನಿಧಾನವಾಗಿ ಮರಳಿ ಬರುತ್ತದೆ.

ಮೂರನೆಯದು ಅದೇ ಟ್ಯೂಬಿನ ಒಳಗಿನ ನಿರ್ವಾತ. ವಾಯುಮಂಡಲದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ; 17 ಇಂಚಿನ ಟ್ಯೂಬಿನ ಮುಖದ ಮೇಲೆ ಮಾತ್ರವೇ ಸುಮಾರು ಒಂದು ಟನ್ ಭಾರ ಸದಾ ಒತ್ತುತ್ತಿರುತ್ತದೆ. ಅಂಚಿಗೆ ಲೋಹದ ಪಟ್ಟಿಯನ್ನು ಬಿಗಿದ ನಂತರದ ಟ್ಯೂಬುಗಳು ಸಾಕಷ್ಟು ಸುರಕ್ಷಿತ, ಆದರೆ ಅದಕ್ಕೂ ಹಳೆಯವು ಒಡೆದರೆ ಗಾಜಿನ ಚೂರುಗಳು ಕೋಣೆಯ ತುಂಬ ಚಿಮ್ಮುತ್ತವೆ. ಟ್ಯೂಬನ್ನು ತೆಗೆಯುವಾಗ ಕಣ್ಣಿಗೆ ರಕ್ಷಣಾ ಕನ್ನಡಕ, ಕೈಗೆ ದಪ್ಪ ಕೈಗವಸು ಇರಲಿ. ಮುಖದ ಭಾಗವನ್ನು ಎದೆಗೆ ಆನಿಸಿ ಎತ್ತಿ, ಕತ್ತನ್ನು ಹಿಡಿದು ಎಂದಿಗೂ ಎತ್ತಬೇಡಿ, ಮತ್ತು ಮೆತ್ತನೆಯ ಬಟ್ಟೆಯ ಮೇಲೆ ಮುಖ ಕೆಳಗಾಗಿ ಇಡಿ.

ತೆರೆಯುವುದು, ನೋಡುವುದು

ಹಿಂಬದಿಯ ಹಲಗೆಯನ್ನು ತೆಗೆದ ಕೂಡಲೇ ಎಲ್ಲ ಕೋನಗಳಿಂದಲೂ ಫೋಟೊ ತೆಗೆಯಿರಿ. ಯಾವ ವಾಲ್ವ್ ಯಾವ ಸಾಕೆಟ್ಟಿನಲ್ಲಿದೆ, ಟ್ಯೂಬಿನ ಕತ್ತಿನ ಮೇಲಿರುವ ಆಯಸ್ಕಾಂತಗಳು ಯಾವ ದಿಕ್ಕಿಗಿವೆ ಎಂಬುದು ಮುಂದೆ ತುಂಬ ಬೇಕಾಗುತ್ತದೆ. ಹಳೆಯ ಟ್ಯೂಬುಗಳ ಕತ್ತಿನಲ್ಲಿ ಅಯಾನ್ ಟ್ರ್ಯಾಪ್ ಎಂಬ ಸಣ್ಣ ಆಯಸ್ಕಾಂತವಿರುತ್ತದೆ. ಅದು ಜಾಗ ತಪ್ಪಿದರೆ ಪರದೆ ಕತ್ತಲಾಗಿಯೇ ಉಳಿದು, ಇಲ್ಲದ ದೋಷವನ್ನು ಹುಡುಕುತ್ತ ದಿನ ಕಳೆಯಬೇಕಾಗುತ್ತದೆ.

ಧೂಳನ್ನು ಮೆತ್ತನೆಯ ಬ್ರಷ್ ಮತ್ತು ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆಯಿರಿ, ಮುಖಗವಸು ಧರಿಸಿ. ಕೆಲವು ಚಾಸಿಗಳ ಮೇಲೆ ಕ್ಯಾಡ್ಮಿಯಂ ಲೇಪನವಿದ್ದು, ಅದು ಹಾಳಾದಾಗ ಹಳದಿ ಪುಡಿಯಾಗುತ್ತದೆ, ಅದು ವಿಷಕಾರಿ. ಹೆಚ್ಚು ಬಿಸಿಯಾಗುವ ಭಾಗಗಳ ಹಿಂದೆ ಕೆಲವೊಮ್ಮೆ ಕಲ್ನಾರಿನ ಹಾಳೆ ಇರುತ್ತದೆ, ಅದನ್ನು ಕೆರೆಯದೆ, ಮುರಿಯದೆ ಹಾಗೆಯೇ ಬಿಡಬೇಕು. ರಬ್ಬರ್ ಹೊದಿಕೆಯ ತಂತಿಗಳನ್ನು ಸ್ವಲ್ಪವೇ ಬಾಗಿಸಿ ನೋಡಿ. ಹೊದಿಕೆ ಬಿರುಕು ಬಿಟ್ಟು ಉದುರುತ್ತಿದ್ದರೆ ಆ ತಂತಿಗಳನ್ನೆಲ್ಲ ಬದಲಿಸದೆ ಮುಂದಿನ ಹೆಜ್ಜೆ ಇಲ್ಲ. ವಾಲ್ವುಗಳ ಗಾಜಿನ ಒಳಗೆ ಬೆಳ್ಳಿಯಂತೆ ಹೊಳೆಯುವ ಗೆಟರ್ ಕಲೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ, ಆ ವಾಲ್ವ್ ಮುಗಿಯಿತು.

ವಿದ್ಯುತ್ ಇಲ್ಲದ ಪರೀಕ್ಷೆಗಳು

ಮೊದಲು ಪಿಕ್ಚರ್ ಟ್ಯೂಬಿನ ಹೀಟರ್ ಸರಿಯಿದೆಯೇ ಎಂದು ಮೀಟರಿನಲ್ಲಿ ನೋಡಿ. ಅದು ತುಂಡಾಗಿದ್ದರೆ ಬದಲಿ ಟ್ಯೂಬು ಸಿಗುವವರೆಗೆ ಉಳಿದದ್ದೆಲ್ಲ ವ್ಯರ್ಥ ಶ್ರಮ. ಆಮೇಲೆ ಹೀಟರ್ ಸರಣಿ. ಪಿ ಅಕ್ಷರದಿಂದ ಆರಂಭವಾಗುವ ಹೆಸರಿನ ವಾಲ್ವುಗಳ (ಪಿಎಲ್36, ಪಿವೈ81, ಪಿಸಿಎಲ್82 ಮುಂತಾದವು) ಹೀಟರುಗಳನ್ನು 0.3 ಆಂಪಿಯರ್ ಪ್ರವಾಹಕ್ಕೆ ರೂಪಿಸಿ, ಎಲ್ಲವನ್ನೂ ಒಂದರ ಹಿಂದೆ ಒಂದರಂತೆ ಜೋಡಿಸಿರುತ್ತಾರೆ. ದೀಪದ ಸರದಲ್ಲಿ ಒಂದು ಬಲ್ಬು ಹೋದರೆ ಇಡೀ ಸರ ಆರುವಂತೆ, ಇಲ್ಲಿ ಒಂದು ಹೀಟರ್ ತುಂಡಾದರೂ ಯಾವ ವಾಲ್ವೂ ಬೆಳಗುವುದಿಲ್ಲ. ಅದೇ ಸರಣಿಯಲ್ಲಿ ಥರ್ಮಿಸ್ಟರ್ ಮತ್ತು ಡ್ರಾಪರ್ ಎಂಬ ದೊಡ್ಡ ತಂತಿಸುತ್ತಿನ ರೆಸಿಸ್ಟರ್ ಇರುತ್ತವೆ; ಡ್ರಾಪರಿನ ಯಾವುದಾದರೊಂದು ಭಾಗ ತುಂಡಾಗಿರುವುದು ಅತಿ ಸಾಮಾನ್ಯ. ತುಂಡಾದ ಭಾಗಕ್ಕೆ ಅಷ್ಟೇ ಓಮ್, ಅಷ್ಟೇ ಅಥವಾ ಹೆಚ್ಚಿನ ವಾಟ್ ತಾಳುವ ಹೊಸ ತಂತಿಸುತ್ತಿನ ರೆಸಿಸ್ಟರನ್ನು, ಗಾಳಿಯಾಡುವಂತೆ ಚಾಸಿಯಿಂದ ಎತ್ತರಿಸಿ ಜೋಡಿಸಬೇಕು.

ಕೆಪಾಸಿಟರುಗಳ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಮೇಣ ಹಚ್ಚಿದ ಕಾಗದದ ಕೆಪಾಸಿಟರುಗಳನ್ನು ಪರೀಕ್ಷಿಸುತ್ತ ಕೂರಬೇಡಿ, ಎಲ್ಲವನ್ನೂ ಬದಲಿಸಿ. ವರ್ಷಗಳು ಕಳೆದಂತೆ ಕಾಗದ ತೇವ ಹೀರಿಕೊಂಡು, ಕೆಪಾಸಿಟರ್ ಒಂದು ರೆಸಿಸ್ಟರಿನಂತೆ ವರ್ತಿಸತೊಡಗುತ್ತದೆ. ಮಲ್ಟಿಮೀಟರ್ ಓಮ್ ಅಳೆಯುವುದು ಒಂದೆರಡು ವೋಲ್ಟಿನಲ್ಲಿ, ಕೆಪಾಸಿಟರ್ ಸೋರುವುದು ಇನ್ನೂರು ವೋಲ್ಟಿನಲ್ಲಿ. ಹಾಗಾಗಿ ಮೀಟರ್ ಸರಿಯೆಂದು ತೋರಿಸಿದ ಮಾತ್ರಕ್ಕೆ ನಂಬುವಂತಿಲ್ಲ. ಬದಲಿಗೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕೆಪಾಸಿಟರುಗಳನ್ನು ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್ ನೋಡಿ ಹಾಕಿ. ಕಪ್ಪು ಅಚ್ಚಿನ, ಮೈಮೇಲೆ ಬಿರುಕು ಬಿಟ್ಟ ಕಾಗದದ ಕೆಪಾಸಿಟರುಗಳೂ ಇದೇ ಗುಂಪಿಗೆ ಸೇರುತ್ತವೆ. ಆದರೆ ಮೈಕಾ, ಸೆರಾಮಿಕ್, ಪಾಲಿಸ್ಟೈರೀನ್ ಕೆಪಾಸಿಟರುಗಳನ್ನು ದೋಷ ಕಾಣದೆ ಮುಟ್ಟಬೇಡಿ, ಅವು ಹೆಚ್ಚಾಗಿ ಸರಿಯಾಗಿಯೇ ಇರುತ್ತವೆ.

ಒಂದನ್ನು ತೆಗೆದು ಅದರ ಜಾಗಕ್ಕೆ ಹೊಸದನ್ನು ಹಾಕಿ ಮುಗಿಸಿದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿಟ್ಟು ಆಮೇಲೆ ನಕ್ಷೆ ನೋಡಿ ಜೋಡಿಸುತ್ತೇನೆ ಎನ್ನುವವರು ತಾವೇ ಹೊಸ ದೋಷಗಳನ್ನು ಸೃಷ್ಟಿಸಿಕೊಳ್ಳುತ್ತಾರೆ.

ಕೆಲವು ಸ್ಥಾನಗಳಿಗೆ ವಿಶೇಷ ಗಮನ ಬೇಕು. ಮೇನ್ಸ್ ತಂತಿಗಳ ನಡುವಿನ ಕೆಪಾಸಿಟರಿಗೆ ಎಕ್ಸ್2 ಎಂಬ ಸುರಕ್ಷತಾ ದರ್ಜೆಯದನ್ನೇ, ಆಂಟೆನಾ ಸಾಕೆಟ್ಟನ್ನು ಚಾಸಿಯಿಂದ ಬೇರ್ಪಡಿಸುವ ಕೆಪಾಸಿಟರುಗಳಿಗೆ ವೈ ಎಂಬ ಸುರಕ್ಷತಾ ದರ್ಜೆಯದನ್ನೇ ಬಳಸಬೇಕು. ಈ ಎರಡನೆಯದು ಶಾರ್ಟ್ ಆದರೆ ಆಂಟೆನಾ ತಂತಿಗೆ ಮೇನ್ಸ್ ಬರುತ್ತದೆ. ಲೈನ್ ಹಂತ ಉಂಟುಮಾಡುವ ಹೆಚ್ಚುವರಿ (ಬೂಸ್ಟ್) ವೋಲ್ಟೇಜನ್ನು ಹಿಡಿದಿಡುವ ಬೂಸ್ಟ್ ಕೆಪಾಸಿಟರಿಗೆ ಕನಿಷ್ಠ 1,000 ವೋಲ್ಟ್ ತಾಳುವುದು ಬೇಕು. ಧ್ವನಿ ಮತ್ತು ಫ್ರೇಮ್ (ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಸರಿಸುವ) ಔಟ್‌ಪುಟ್ ವಾಲ್ವುಗಳ ಗ್ರಿಡ್‌ಗೆ, ಅಂದರೆ ಪ್ರವಾಹವನ್ನು ನಿಯಂತ್ರಿಸುವ ಜಾಲರಿಗೆ, ಸಿಗ್ನಲ್ ಒಯ್ಯುವ ಕಪ್ಲಿಂಗ್ ಕೆಪಾಸಿಟರುಗಳನ್ನಂತೂ ಎಲ್ಲಕ್ಕಿಂತ ಮೊದಲು ಬದಲಿಸಿ, ಏಕೆಂದರೆ ಅವು ಸೋರಿದರೆ ಗ್ರಿಡ್ ಧನ ವೋಲ್ಟೇಜಿಗೆ ಏರಿ, ವಾಲ್ವ್ ತಡೆಯಿಲ್ಲದೆ ಪ್ರವಾಹ ಎಳೆಯುತ್ತದೆ.

ಡಬ್ಬಿಯಾಕಾರದ ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಕೆಲವೊಮ್ಮೆ ಚೇತರಿಸಿಕೊಳ್ಳುತ್ತವೆ. ಅವನ್ನು ಸರ್ಕ್ಯೂಟಿನಿಂದ ಬಿಡಿಸಿ, 10 ಸಾವಿರದಿಂದ 47 ಸಾವಿರ ಓಮ್‌ವರೆಗಿನ ರೆಸಿಸ್ಟರ್ ಮೂಲಕ ಡಿಸಿ ವೋಲ್ಟೇಜನ್ನು ಗಂಟೆಗಳ ಕಾಲ ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ, ಒಳಗಿನ ಆಕ್ಸೈಡ್ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಪೂರ್ಣ ವೋಲ್ಟೇಜಿನಲ್ಲಿ ಸೋರಿಕೆ ಒಂದೆರಡು ಮಿಲಿಆಂಪಿಯರಿಗೆ ಇಳಿದರೆ ಬಳಸಬಹುದು. ಇಳಿಯದಿದ್ದರೆ, ಅಥವಾ ಡಬ್ಬಿ ಬೆಚ್ಚಗಾದರೆ, ಬದಲಿಸಿ. ಹಳೆಯ ಡಬ್ಬಿಯನ್ನು ತೋರಿಕೆಗಾಗಿ ಅಲ್ಲಿಯೇ ಉಳಿಸಿ, ಹೊಸ ಕೆಪಾಸಿಟರುಗಳನ್ನು ಚಾಸಿಯ ಕೆಳಗೆ ಮರೆಯಾಗಿ ಜೋಡಿಸುವುದನ್ನು ನಾನು ಮೆಚ್ಚುತ್ತೇನೆ. ಸೆಟ್ಟಿನ ಮೂಲ ರೂಪವೂ ಉಳಿಯುತ್ತದೆ, ಮುಂದೆ ದುರಸ್ತಿ ಮಾಡುವವರಿಗೂ ಏನಾಗಿದೆ ಎಂಬುದು ತಿಳಿಯುತ್ತದೆ.

ಕಾರ್ಬನ್ ರೆಸಿಸ್ಟರುಗಳು ಕಾಲಕ್ರಮದಲ್ಲಿ ಸಾಮಾನ್ಯವಾಗಿ ಮೇಲಕ್ಕೇ ಜಾರುತ್ತವೆ. 1 ಲಕ್ಷ ಓಮ್‌ಗಿಂತ ಹೆಚ್ಚಿನವನ್ನು ಒಂದು ಕಾಲು ಬಿಡಿಸಿ ಅಳೆಯಿರಿ. ಗುರುತಿಸಿದ ಮೌಲ್ಯಕ್ಕಿಂತ ಶೇ. 20ಕ್ಕಿಂತ ಹೆಚ್ಚು ದೂರವಿದ್ದರೆ ಬದಲಿಸಿ. ಚಿತ್ರದ ಎತ್ತರವನ್ನು ನಿಯಂತ್ರಿಸುವ ಜಾಗದಲ್ಲಿರುವ ಮೆಗಾಓಮ್ ರೆಸಿಸ್ಟರುಗಳೇ ಹೆಚ್ಚಾಗಿ ಕೈಕೊಡುವಂಥವು.

ಸೆಟ್ಟಿನಲ್ಲಿ ಸೆಲೆನಿಯಂ ರೆಕ್ಟಿಫೈಯರ್ ಇದ್ದರೆ ಅದನ್ನು ಬಳಕೆಯಿಂದ ತೆಗೆದುಬಿಡಿ. ಅದು ಸುಟ್ಟಾಗ ಬರುವ ಹೊಗೆ ದುರ್ವಾಸನೆಯದಷ್ಟೇ ಅಲ್ಲ, ವಿಷಕಾರಿಯೂ ಹೌದು. ಅದರ ಜಾಗಕ್ಕೆ 1ಎನ್4007 ಅಥವಾ ಬಿವೈ127 ಸಿಲಿಕಾನ್ ಡಯೋಡ್ ಸಾಕು, ಆದರೆ ಅದರ ಜತೆಗೆ ಸರಣಿಯಲ್ಲಿ ಒಂದು ರೆಸಿಸ್ಟರ್ ಇರಲೇಬೇಕು. ಇಲ್ಲವಾದರೆ ಎಚ್‌ಟಿ ವೋಲ್ಟೇಜ್ (ವಾಲ್ವುಗಳನ್ನು ನಡೆಸುವ ಮುಖ್ಯ ಡಿಸಿ ವೋಲ್ಟೇಜ್) ಮೂಲಕ್ಕಿಂತ ಮೇಲೇರಿ ಎಲ್ಲ ಭಾಗಗಳನ್ನೂ ದಣಿಸುತ್ತದೆ. ನಕ್ಷೆಯಲ್ಲಿ ಹೇಳಿದ ಎಚ್‌ಟಿ ಬರುವವರೆಗೆ ಈ ರೆಸಿಸ್ಟರಿನ ಓಮ್ ಮೌಲ್ಯವನ್ನು ಹೊಂದಿಸಿ.

ಮೊದಲ ಸಲ ವಿದ್ಯುತ್

ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ನಂತರ, ಸೆಟ್ಟಿನ ಜತೆ ಸರಣಿಯಲ್ಲಿ 100 ವಾಟ್‌ನ ತಂತಿಯ ಬಲ್ಬೊಂದನ್ನು ಜೋಡಿಸಿ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. ಸೆಟ್ಟಿನಲ್ಲಿ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ಣವಾಗಿ ಉರಿದು, ಸೆಟ್ಟನ್ನು ಕಾಪಾಡುತ್ತದೆ. ಈ ಸ್ಥಿತಿಯಲ್ಲಿ ಹೀಟರುಗಳಿಗೆ ಪೂರ್ಣ ಪ್ರವಾಹ ಸಿಗುವುದಿಲ್ಲವಾದ್ದರಿಂದ ಚಿತ್ರವನ್ನು ನಿರೀಕ್ಷಿಸಬೇಡಿ. ಹೀಟರುಗಳು ಮಂದವಾಗಿ ಕೆಂಪಗಾಗುತ್ತಿವೆಯೇ, ಎಚ್‌ಟಿ ಸ್ವಲ್ಪವಾದರೂ ಏರುತ್ತಿದೆಯೇ, ಯಾವುದಾದರೂ ಭಾಗದಿಂದ ಹೊಗೆ ಅಥವಾ ವಾಸನೆ ಬರುತ್ತಿದೆಯೇ ಎಂಬುದಷ್ಟನ್ನೇ ನೋಡಿ. ಇದು ಸರಿಯೆನಿಸಿದ ಮೇಲೆ ಬಲ್ಬು ತೆಗೆದು ಪೂರ್ಣ ವೋಲ್ಟೇಜ್ ಕೊಡಬಹುದು. ಆಗ ನಿಮ್ಮ ಕಣ್ಣು ಪರದೆಯ ಮೇಲಿರಬಾರದು, ಲೈನ್ ಔಟ್‌ಪುಟ್ ವಾಲ್ವಿನ ಮೇಲಿರಬೇಕು.

ಪಿಎಲ್81, ಪಿಎಲ್36, ಪಿಎಲ್504 ಮುಂತಾದ ಈ ವಾಲ್ವಿಗೆ ಲೈನ್ ಆಸಿಲೇಟರಿನಿಂದ ಬರುವ ಸಿಗ್ನಲ್ಲೇ ಅದರ ಗ್ರಿಡ್ಡಿಗೆ ಬೇಕಾದ ಋಣ ವೋಲ್ಟೇಜನ್ನು ಉಂಟುಮಾಡುತ್ತದೆ. ಆಸಿಲೇಟರ್ ನಡೆಯದಿದ್ದರೆ ಆ ಲಗಾಮು ಇಲ್ಲವಾಗಿ, ಸ್ವಲ್ಪ ಹೊತ್ತಿನಲ್ಲೇ ವಾಲ್ವಿನೊಳಗಿನ ಆನೋಡ್ ತಗಡು ಕೆಂಪಗೆ ಹೊಳೆಯತೊಡಗುತ್ತದೆ. ಆ ಕೆಂಪು ಕಂಡ ತಕ್ಷಣ ಸ್ವಿಚ್ ಆರಿಸಿ. ಗ್ರಿಡ್ಡಿನಲ್ಲಿ ಹತ್ತಾರು ವೋಲ್ಟ್ ಋಣ ವೋಲ್ಟೇಜ್ ಇದ್ದರೆ ಆಸಿಲೇಟರ್ ಸರಿಯಿದೆ. ಅದಿದ್ದೂ ಆನೋಡ್ ಕೆಂಪಾದರೆ ಸಂಶಯ ಟ್ರಾನ್ಸ್‌ಫಾರ್ಮರಿನ ಮೇಲೆ ಹೋಗುತ್ತದೆ. ವಾಲ್ವಿನ ತಲೆಯ ಮೇಲಿನ ಟೋಪಿಗೆ ಮಾತ್ರ ಮೀಟರ್ ಹಚ್ಚಬೇಡಿ: ಅಲ್ಲಿ ಪ್ರತಿ ಸಾಲಿನ ಕೊನೆಯಲ್ಲಿ ಸಾವಿರಾರು ವೋಲ್ಟಿನ ಸ್ಪಂದನವಿರುತ್ತದೆ, ಮೀಟರ್ ಉಳಿಯುವುದಿಲ್ಲ.

ಲೈನ್ ಹಂತ ಸರಿಯಾಗಿ ನಡೆದರೆ ತೆಳುವಾದ ಸಿಳ್ಳೆ ಕೇಳಿಸುತ್ತದೆ. ಚಿತ್ರವನ್ನು 405 ಸಾಲುಗಳಲ್ಲಿ ಬರೆಯುವ ಸೆಟ್ಟಿನಲ್ಲಿ ಅದು 10,125 ಹರ್ಟ್ಸ್, 625 ಸಾಲಿನದರಲ್ಲಿ 15,625 ಹರ್ಟ್ಸ್, 525 ಸಾಲಿನದರಲ್ಲಿ 15,750 ಹರ್ಟ್ಸ್; ವಯಸ್ಸಾದ ಕಿವಿಗೆ ಕೊನೆಯ ಎರಡು ಕೇಳಿಸದಿರಬಹುದು, ಮಕ್ಕಳಿಗೆ ಕೇಳಿಸುತ್ತದೆ. ಇಎಚ್‌ಟಿ ರೆಕ್ಟಿಫೈಯರ್ ಆದ ಇವೈ86ನಂಥ ವಾಲ್ವಿನ ಹೀಟರಿಗೆ ಪ್ರವಾಹ ಬರುವುದು ಲೈನ್ ಟ್ರಾನ್ಸ್‌ಫಾರ್ಮರಿನ ಒಂದೆರಡು ಸುತ್ತಿನಿಂದಲೇ, ಆದ್ದರಿಂದ ಕತ್ತಲಲ್ಲಿ ಅದು ಬೆಳಗುವುದು ಕಂಡರೆ ಈ ಹಂತ ಬದುಕಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಬೂಸ್ಟ್ ವೋಲ್ಟೇಜ್ ಎಚ್‌ಟಿಗಿಂತ ನೂರಾರು ವೋಲ್ಟ್ ಮೇಲಿರಬೇಕು. ಎರಡೂ ಸಮವಾಗಿದ್ದರೆ ಲೈನ್ ಹಂತ ನಡೆಯುತ್ತಿಲ್ಲ, ಅಥವಾ ಬೂಸ್ಟ್ ಕೆಪಾಸಿಟರ್ ಶಾರ್ಟ್ ಆಗಿದೆ. ಟ್ರಾನ್ಸ್‌ಫಾರ್ಮರಿನಿಂದ ಮೇಣ ಕರಗಿ ತೊಟ್ಟಿಕ್ಕಿದ ಗುರುತಿದ್ದರೆ ಒಳಗಿನ ಸುತ್ತುಗಳು ಶಾರ್ಟ್ ಆಗಿರಬಹುದು. ಹಾಗೆಂದು ತೀರ್ಮಾನಿಸುವ ಮುನ್ನ ಇಎಚ್‌ಟಿ ರೆಕ್ಟಿಫೈಯರಿನ ಟೋಪಿಯ ತಂತಿಯನ್ನು ಬಿಡಿಸಿ, ಸುತ್ತಲಿನ ಯಾವ ಲೋಹಕ್ಕೂ ತಾಗದಂತೆ ದೂರವಿಟ್ಟು ಪ್ರಯತ್ನಿಸಿ. ಆಗ ಬೂಸ್ಟ್ ಏರಿದರೆ ದೋಷ ಆ ರೆಕ್ಟಿಫೈಯರಿನಲ್ಲಿ ಅಥವಾ ಅದರ ಆಚೆ ಇದೆ.

ಪರದೆಯ ಮೇಲೆ ಕಾಣುವುದನ್ನು ಓದುವುದು

ಬೆಳಕು ಬಂದಿತು, ಆದರೆ ಪರದೆಯ ನಡುವೆ ಒಂದೇ ಅಡ್ಡಗೆರೆ ಇದೆ ಎಂದರೆ ಫ್ರೇಮ್ ಹಂತ ನಿಂತಿದೆ. ಬೆಳಕನ್ನು ಕೂಡಲೇ ತಗ್ಗಿಸಿ, ಇಲ್ಲವಾದರೆ ಆ ಗೆರೆ ಪರದೆಯ ಲೇಪನವನ್ನು ಶಾಶ್ವತವಾಗಿ ಸುಡುತ್ತದೆ. ಚಿತ್ರ ಮೇಲೆ ಹಿಗ್ಗಿ ಕೆಳಗೆ ಕುಗ್ಗಿದ್ದರೆ ಫ್ರೇಮ್ ಔಟ್‌ಪುಟ್ ವಾಲ್ವಿನ ಕ್ಯಾಥೋಡಿಗೆ ಜೋಡಿಸಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನೂ ಚಿತ್ರವನ್ನು ಎಲ್ಲೆಡೆ ಸಮವಾಗಿ ಹರಡಿಸುವ ಲೀನಿಯಾರಿಟಿ ಸರ್ಕ್ಯೂಟಿನ ಕೆಪಾಸಿಟರುಗಳನ್ನೂ ನೋಡಿ. ಚಿತ್ರ ಮೇಲೆ ಕೆಳಗೆ ಉರುಳುವುದು, ಅಡ್ಡಡ್ಡ ಹರಿಯುವುದು ಎರಡೂ ಒಟ್ಟಿಗೆ ಇದ್ದರೆ ಚಿತ್ರವನ್ನು ಪ್ರಸಾರದ ಲಯಕ್ಕೆ ಹೊಂದಿಸುವ ಸಿಂಕ್ ಸಂಕೇತವನ್ನು ಬೇರ್ಪಡಿಸುವ ಹಂತದ ಕೆಪಾಸಿಟರ್ ಅಥವಾ ಮೇಲಕ್ಕೆ ಜಾರಿದ ರೆಸಿಸ್ಟರನ್ನು ಹುಡುಕಿ. ಚಿತ್ರದ ಅಂಚುಗಳು ಅಲೆಯಂತೆ ಬಾಗಿದ್ದರೆ ಎಚ್‌ಟಿ ಫಿಲ್ಟರ್ ಕೆಪಾಸಿಟರುಗಳು ಸೋತಿವೆ.

ಬೆಳಕು ಪೂರ್ಣವಾಗಿದ್ದು ನಿಯಂತ್ರಣಕ್ಕೇ ಸಿಗದಿದ್ದರೆ ಪಿಕ್ಚರ್ ಟ್ಯೂಬಿನ ಒಳಗೇ ಗ್ರಿಡ್ ಮತ್ತು ಕ್ಯಾಥೋಡ್ ತಾಗಿರಬಹುದು. ಚಿತ್ರ ನಿಧಾನವಾಗಿ ಮೂಡಿ, ಬೆಳಕು ಹೆಚ್ಚಿಸಿದಾಗ ಬಿಳಿ ಭಾಗಗಳು ಬೆಳ್ಳಿಯಂತೆ ಮಸುಕಾದರೆ ಟ್ಯೂಬಿನ ಕ್ಯಾಥೋಡ್ ದುರ್ಬಲವಾಗಿದೆ. ಅದನ್ನು ಕೆಲವು ಗಂಟೆ ಸಾಮಾನ್ಯವಾಗಿ ನಡೆಸಿ ನೋಡಿ, ಬಹುಕಾಲ ಬಳಸದ ಟ್ಯೂಬುಗಳು ಹೀಗೆಯೇ ಸ್ವಲ್ಪ ಚೇತರಿಸಿಕೊಳ್ಳುವುದುಂಟು. ಆಮೇಲೂ ಸಾಲದಿದ್ದರೆ ಹೀಟರ್ ವೋಲ್ಟೇಜನ್ನು ಶೇ. 10ರಿಂದ 15ರಷ್ಟು ಏರಿಸುವ ಸಣ್ಣ ಟ್ರಾನ್ಸ್‌ಫಾರ್ಮರ್ ಬಳಸಬಹುದು. ಹೆಚ್ಚಿನ ಪ್ರವಾಹ ಹರಿಸಿ ಕ್ಯಾಥೋಡನ್ನು ಕೆದಕುವ ರಿಜುವಿನೇಟರ್ ಯಂತ್ರಗಳನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಮುಟ್ಟಬೇಕು. ಚೆನ್ನಾಗಿಯೇ ಇದ್ದ ಟ್ಯೂಬನ್ನು ಇನ್ನಷ್ಟು ಚೆನ್ನಾಗಿಸಲು ಹೋಗಿ ಕಳೆದುಕೊಳ್ಳುವುದು ದುಃಖದ ಸಂಗತಿ.

ಟ್ಯೂನರಿನಿಂದ ಬಂದ ಸಿಗ್ನಲ್ಲನ್ನು ವರ್ಧಿಸುವ ಐಎಫ್ ಹಂತದ ಟ್ರಾನ್ಸ್‌ಫಾರ್ಮರುಗಳ ಒಳಗಿನ ಫೆರೈಟ್ ತಿರುಪುಗಳನ್ನು ತಿರುಗಿಸಲೇಬೇಡಿ. ಕಾರ್ಖಾನೆಯಲ್ಲಿ ಮಾಡಿದ ಆ ಹೊಂದಾಣಿಕೆ ತಾನಾಗಿ ಕೆಡುವುದು ತೀರ ವಿರಳ, ತಿರುಪುಗಳು ಸುಲಭವಾಗಿ ಮುರಿಯುತ್ತವೆ, ಮತ್ತು ಉಪಕರಣಗಳಿಲ್ಲದೆ ಅದನ್ನು ಮತ್ತೆ ಸರಿಪಡಿಸಲಾಗದು. ಚಾನೆಲ್ ಬದಲಿಸುವ ಟ್ಯೂನರಿನ ಸಂಪರ್ಕಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ಒರೆಸಿದರೆ ಆ ಭಾಗದ ತೊಂದರೆಗಳು ಬಹುತೇಕ ಮುಗಿಯುತ್ತವೆ.

ಸಿಗ್ನಲ್

ಅನಲಾಗ್ ಪ್ರಸಾರ ಬಹುತೇಕ ಎಲ್ಲೆಡೆ ನಿಂತಿದೆ. ಬ್ರಿಟನ್ನಿನ 405 ಸಾಲಿನ ಪ್ರಸಾರ 1936ರಲ್ಲಿ ಆರಂಭವಾಗಿ 1985ರಲ್ಲೇ ಕೊನೆಗೊಂಡಿತು. ಹೀಗಾಗಿ ಡಿವಿಡಿ ಪ್ಲೇಯರಿನಂಥ ಮೂಲದ ವೀಡಿಯೊವನ್ನು ಒಂದು ವಿಎಚ್‌ಎಫ್ ಮಾಡ್ಯುಲೇಟರಿನ ಮೂಲಕ ಆಂಟೆನಾ ಸಾಕೆಟ್ಟಿಗೆ ಕೊಡಬೇಕು. ಮಾಡ್ಯುಲೇಟರ್ ಕೊಳ್ಳುವಾಗ ಚಿತ್ರ ಮತ್ತು ಧ್ವನಿಯ ನಡುವಿನ ಅಂತರ ಸೆಟ್ಟಿಗೆ ಹೊಂದುತ್ತದೆಯೇ ನೋಡಿ: ಬಿ ಎಂಬ ಪ್ರಸಾರ ವ್ಯವಸ್ಥೆಯಲ್ಲಿ 5.5, ಐ ವ್ಯವಸ್ಥೆಯಲ್ಲಿ 6, ಎಂ ವ್ಯವಸ್ಥೆಯಲ್ಲಿ 4.5 ಮೆಗಾಹರ್ಟ್ಸ್. ಹೊಂದದಿದ್ದರೆ ಚಿತ್ರವಿದ್ದರೂ ಧ್ವನಿ ಬರುವುದಿಲ್ಲ. 405 ಸಾಲಿನ ಸೆಟ್ಟಿಗೆ ಮಾಡ್ಯುಲೇಟರ್ ಒಂದೇ ಸಾಲದು. ಸಾಲುಗಳ ಸಂಖ್ಯೆಯನ್ನೇ ಬದಲಿಸುವ ಸ್ಟ್ಯಾಂಡರ್ಡ್ಸ್ ಕನ್ವರ್ಟರ್ ಬೇಕು.

ಚಿತ್ರ ನಿಂತ ಮೇಲೆ ವೃತ್ತವಿರುವ ಪರೀಕ್ಷಾ ಚಿತ್ರವೊಂದನ್ನು ಹಾಕಿ, ಎತ್ತರ, ಅಗಲ, ಲೀನಿಯಾರಿಟಿಗಳನ್ನು ವೃತ್ತ ದುಂಡಗಾಗುವವರೆಗೆ ಹೊಂದಿಸಿ. ಅಯಾನ್ ಟ್ರ್ಯಾಪ್ ಇದ್ದರೆ ಅದನ್ನು ಅತಿ ಹೆಚ್ಚು ಬೆಳಕು ಬರುವ ಜಾಗದಲ್ಲಿ ನಿಲ್ಲಿಸಿ. ನೆರಳು ಬಿದ್ದ ಮೂಲೆಯನ್ನು ಸರಿಪಡಿಸಲು ಅದನ್ನು ಬಳಸಬಾರದು.

ಪೆಟ್ಟಿಗೆ ಮತ್ತು ಕೊನೆಯ ತಪಾಸಣೆ

ಮರದ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಲ ಪಾಲಿಶ್ ಉಳಿದಿದ್ದರೆ ಕೆರೆದು ತೆಗೆಯಬೇಡಿ. ಕೊಳೆಯನ್ನು ವೈಟ್ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲನೆ ಒರೆಸಿ ಮೇಣ ಹಚ್ಚಿದರೆ ಸಾಕು. ಎದ್ದ ವೆನೀರ್ ಪದರವನ್ನು ಅಂಟು ಹಾಕಿ ಬಿಗಿದಿಡಿ. ತೋರಿಕೆಗಿಂತ ಮುಖ್ಯವಾದದ್ದು ಗುಂಡಿಗಳ ಸಣ್ಣ ತಿರುಪುಗಳು: ಅವು ಚಾಸಿಗೆ ಸಂಪರ್ಕವಿರುವ ಲೋಹದ ದಂಡವನ್ನು ಮುಟ್ಟುತ್ತವೆಯಾದ್ದರಿಂದ, ಆ ರಂಧ್ರಗಳನ್ನು ಮೇಣದಿಂದ ಮತ್ತೆ ಮುಚ್ಚಬೇಕು. ಹಿಂಬದಿಯ ಹಲಗೆ ಇಲ್ಲದ ಸೆಟ್ಟನ್ನು ಯಾರ ಮನೆಯಲ್ಲೂ ಬಳಕೆಗೆ ಇಡುವಂತಿಲ್ಲ. ಮೂಲ ಹಲಗೆ ಕಳೆದಿದ್ದರೆ ಗಾಳಿಯ ರಂಧ್ರಗಳಿರುವ ಹೊಸದನ್ನು ಮಾಡಿಸಿ.

ಹೊಸ ಮೇನ್ಸ್ ತಂತಿಯನ್ನು, ನ್ಯೂಟ್ರಲ್ ಚಾಸಿಯ ಕಡೆಗೆ ಬರುವಂತೆ, ತಿರುಗಿಸಿ ಹಾಕಲಾಗದ ಪ್ಲಗ್ಗಿನೊಂದಿಗೆ ಜೋಡಿಸಿ. ನಕ್ಷೆಯಲ್ಲಿ ಹೇಳಿದಷ್ಟೇ ಆಂಪಿಯರಿನ ಫ್ಯೂಸ್ ಇರಲಿ. ಬಳಿಕ ಸೆಟ್ಟನ್ನು ಕೆಲವು ಗಂಟೆ ನಿಮ್ಮ ಕಣ್ಣೆದುರೇ ನಡೆಸಿ, ಎಚ್‌ಟಿಯನ್ನು ಆರಂಭದಲ್ಲೂ ಕೊನೆಯಲ್ಲೂ ಅಳೆದು ಬರೆದಿಡಿ, ಸ್ವಿಚ್ ಆರಿಸಿ ಕೆಪಾಸಿಟರುಗಳು ಖಾಲಿಯಾದ ಮೇಲೆ ನೀವು ಹಾಕಿದ ಹೊಸ ಭಾಗಗಳಲ್ಲಿ ಯಾವುದಾದರೂ ಅತಿಯಾಗಿ ಕಾದಿದೆಯೇ ಎಂದು ಮುಟ್ಟಿ ನೋಡಿ. ಮನೆಯಲ್ಲಿ ಯಾರೂ ಇಲ್ಲದಾಗ, ಅಥವಾ ಎಲ್ಲರೂ ಮಲಗಿರುವಾಗ, ಸೆಟ್ಟು ಉರಿಯುತ್ತಿರಬಾರದು. ಬಳಸದಿರುವಾಗ ಪ್ಲಗ್ ಗೋಡೆಯಿಂದ ಹೊರಗಿರಬೇಕು. ಯಾವ ಭಾಗಗಳನ್ನು ಯಾವಾಗ ಬದಲಿಸಲಾಯಿತು, ಎಚ್‌ಟಿ ಮತ್ತು ಬೂಸ್ಟ್ ಎಷ್ಟಿತ್ತು, ಚಾಸಿಯಲ್ಲಿ ಮೇನ್ಸ್ ಇದೆ ಎಂಬ ಎಚ್ಚರಿಕೆ, ಇವಿಷ್ಟನ್ನು ಒಂದು ಕಾಗದದಲ್ಲಿ ಬರೆದು ಪೆಟ್ಟಿಗೆಯ ಒಳಬದಿಗೆ ಅಂಟಿಸಿ ಹಲಗೆಯನ್ನು ಮುಚ್ಚಿ.